ಬಕೆಟ್ ಒದ್ದ ಅಜ್ಜ

ಪಿಯುಸಿ ವಿದ್ಯಾರ್ಥಿಯೊಬ್ಬ ಅಜ್ಜ ತೀರಿಕೊಂಡಾಗ ರಜೆ ಕೇಳಿ ಪ್ರಾಂಶುಪಾಲರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಾನೆ ಎಂದಿಟ್ಟುಕೊಳ್ಳಿ. ಬರೀ ‘ಡೈಡ್’ ಎಂದರೆ ಸಪ್ಪೆಯಾಗುತ್ತದೆಂದು ಗೈಡಿನ ಕೊನೆಯ ಪುಟಗಳನ್ನು ತಿರುವುತ್ತಾನೆ. ‘ಕಿಕ್ ದ ಬಕೆಟ್: ಸಾಯು’ ಎಂದು ಅಲ್ಲಿ ಅಚ್ಚಾಗಿದೆ. ‘ಮೈ ಗ್ರ್ಯಾಂಡ್‌ಫಾದರ್ ಕಿಕ್ಡ್ ದ ಬಕೆಟ್’ ಎಂದು ಬರೆದು ಸಹಿ ಹಾಕುತ್ತಾನೆ. ವ್ಯಾಕರಣ ಸರಿಯಾಗಿದೆ, ಅರ್ಥವೂ ಗೈಡಿನಲ್ಲಿದ್ದಂತೆಯೇ ಇದೆ. ಆದರೆ ಇಂಗ್ಲಿಷ್ ಬಲ್ಲವರಿಗೆ ಅದು ಕೇಳಿಸುವುದು ‘ನಮ್ಮಜ್ಜ ಗೊಟಕ್ ಅಂದ’ ಎಂಬಂತೆ!

ಗೈಡು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ. ನುಡಿಗಟ್ಟಿನ ಅರ್ಥವನ್ನು ಅದು ಕೊಡುತ್ತದೆ. ಯಾರು, ಯಾರ ಮುಂದೆ, ಯಾವ ಸಂದರ್ಭದಲ್ಲಿ ಆಡುವ ಮಾತು ಎಂಬುದನ್ನು ಬಿಟ್ಟುಬಿಡುತ್ತದೆ. ಕನ್ನಡದಲ್ಲಿ ಇದೇ ಹುಡುಗ ಎಡವುವುದಿಲ್ಲ. ‘ತೀರಿಕೊಂಡರು’, ‘ಶಿವನ ಪಾದ ಸೇರಿದರು’, ‘ನೆಗೆದುಬಿದ್ದ’ ಇವುಗಳಲ್ಲಿ ಯಾವುದನ್ನು ಎಲ್ಲಿ ಆಡಬೇಕೆಂದು ಅವನಿಗೆ ಯಾರೂ ಪಟ್ಟಿ ಮಾಡಿ ಕಲಿಸಿಲ್ಲ. ಮನೆಯಲ್ಲಿ, ಬೀದಿಯಲ್ಲಿ ಕೇಳಿ ಕಲಿತಿದ್ದಾನೆ.

ಪದಕ್ಕೆ ಪದ ಇಟ್ಟು ಅನುವಾದಿಸುವುದು ಇನ್ನೊಂದು ಅಪಾಯ. ಕನ್ನಡದಲ್ಲಿ ಗೆಳೆಯ ‘ಕೈಕೊಟ್ಟ’ ಎಂದರೆ ಮೋಸ ಮಾಡಿದ, ನಡುನೀರಿನಲ್ಲಿ ಬಿಟ್ಟ ಎಂದರ್ಥ. ಇಂಗ್ಲಿಷಿನಲ್ಲಿ ‘ಗಿವ್ ಎ ಹ್ಯಾಂಡ್’ ಎಂದರೆ ಸಹಾಯ ಮಾಡು! ಅದೃಷ್ಟಕ್ಕೆ ಕೆಲವು ಕಡೆ ಎರಡೂ ಭಾಷೆಗಳು ಒಂದೇ ದಾರಿ ಹಿಡಿಯುತ್ತವೆ. ಮೊಸಳೆ ಎರಡರಲ್ಲೂ ಸುಳ್ಳು ಕಣ್ಣೀರು ಸುರಿಸುತ್ತದೆ. ಉರಿಯುವ ಬೆಂಕಿಗೆ ನಾವು ತುಪ್ಪ ಸುರಿದರೆ ಅವರು ಎಣ್ಣೆಯನ್ನೋ ಸೌದೆಯನ್ನೋ ಹಾಕುತ್ತಾರೆ, ಅಷ್ಟೇ.

ಹುಟ್ಟಿದ ಕತೆ ತಿಳಿದರೆ ಕೆಲವು ನುಡಿಗಟ್ಟುಗಳು ಮರೆಯುವುದೇ ಇಲ್ಲ. ಹಿಂದೆ ಕ್ರಿಕೆಟ್ ಪಿಚ್‌ಗೆ ಮಳೆಯಲ್ಲಿ ಹೊದಿಕೆ ಹಾಕುತ್ತಿರಲಿಲ್ಲ. ನೆನೆದ ಪಿಚ್ ಬಿಸಿಲಿಗೆ ಒಣಗತೊಡಗಿದಾಗ ಒಂದು ಚೆಂಡು ಎದೆಯೆತ್ತರ ಪುಟಿದರೆ ಮತ್ತೊಂದು ಗಕ್ಕನೆ ತಿರುಗುತ್ತಿತ್ತು. ಬ್ಯಾಟ್ಸ್‌ಮನ್‌ಗೆ ನಿಲ್ಲುವುದೇ ಕಷ್ಟ. ಅದು ‘ಸ್ಟಿಕಿ ವಿಕೆಟ್’. ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ ಮಂತ್ರಿಗೂ ಇಂದು ಅದೇ ಮಾತು. ಸರಕಾರಿ ಕಡತಗಳಿಗೆ ಕಟ್ಟುತ್ತಿದ್ದ ಕೆಂಪು ಲಾಡಿಯಿಂದ ‘ರೆಡ್ ಟೇಪ್’ ಬಂತು. ಕನ್ನಡ ಪತ್ರಿಕೆಗಳಲ್ಲಿ ಅದು ‘ಕೆಂಪುಪಟ್ಟಿ’ಯಾಗಿ ನೆಲೆಸಿದೆ. ಆದರೆ ಎಲ್ಲಕ್ಕೂ ಕತೆ ಹುಡುಕಹೋಗಬಾರದು. ಆ ಬಕೆಟ್ ಎಲ್ಲಿಂದ ಬಂತೆಂಬ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ.

ಗೈಡುಗಳ ಅಚ್ಚುಮೆಚ್ಚಿನ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಕೂಡ ಇಂದು ಹಳಸಲು ಮಾತು. ‘ಇಟ್ಸ್ ಪೋರಿಂಗ್’ ಎಂದರೆ ಸಾಕು. ‘ಕುಂಭದ್ರೋಣ ಮಳೆ’ ಸುರಿಯುವುದು ಪತ್ರಿಕೆಗಳಲ್ಲಿ. ಮನೆಯ ಜಗಲಿಯಲ್ಲಿ ಕೂತವರು ‘ಏನ್ ಮಳೆ ಮಾರಾಯ’ ಎನ್ನುತ್ತಾರಲ್ಲವೇ?

ಗೈಡುಗಳು ಉಪೇಕ್ಷಿಸುವ ಪುಟ್ಟ ಮಾತುಗಳೇ ನಿತ್ಯ ಬೇಕಾಗುವಂಥವು. ಪರೀಕ್ಷೆ ‘ಪುಟ್ ಆಫ್’ ಆದರೆ ಮುಂದಕ್ಕೆ ಹೋಯಿತು, ‘ಕಾಲ್ಡ್ ಆಫ್’ ಆದರೆ ರದ್ದಾಯಿತು. ಇದನ್ನು ಅದಲುಬದಲು ಮಾಡಿಕೊಂಡು ಪುಸ್ತಕ ಮುಚ್ಚಿಟ್ಟವನ ಗತಿ ಹೇಳಬೇಕಿಲ್ಲ. ಅಜ್ಜನ ವಿಷಯಕ್ಕೆ ‘ಪಾಸ್ಡ್ ಅವೇ’ ಎಂಬ ಗೌರವದ ಮಾತಿದೆ. ‘ಡೈಡ್’ ಎಂದರೂ ತಪ್ಪಿಲ್ಲ. ‘ಪಾಸ್ಡ್ ಔಟ್’ ಎಂದರೆ ಮಾತ್ರ ಬೇರೆಯೇ. ಕಾಲೇಜು ಮುಗಿಸಿದ್ದನ್ನು ಹೇಳಲು ನಮ್ಮಲ್ಲಿ ಅದು ಸರಾಗವಾಗಿ ನಡೆಯುತ್ತದೆ. ಸಂದರ್ಶನದಲ್ಲಿ ‘ಐ ಪಾಸ್ಡ್ ಔಟ್ ಲಾಸ್ಟ್ ಇಯರ್’ ಎಂದರೆ ಇಂಗ್ಲೆಂಡಿನವನು ಈತ ಹೋದ ವರ್ಷ ಮೂರ್ಛೆ ಹೋಗಿದ್ದನೆಂದು ಗಾಬರಿಯಾದಾನು.

ದಿನಕ್ಕೆ ಹತ್ತರಂತೆ ಬಾಯಿಪಾಠ ಮಾಡಿಸುವ ಪಾಲಕರಿದ್ದಾರೆ. ಅದಕ್ಕಿಂತ ಇಂಗ್ಲಿಷ್ ಪತ್ರಿಕೆಯಲ್ಲೋ ಕಾಮೆಂಟರಿಯಲ್ಲೋ ಸಿಕ್ಕ ಒಂದೇ ನುಡಿಗಟ್ಟನ್ನು ಇಡೀ ವಾಕ್ಯದ ಸಮೇತ ನೋಟ್‌ಬುಕ್‌ಗೆ ಇಳಿಸಿ, ಯಾರು ಯಾರಿಗೆ ಹೇಳಿದ್ದೆಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳುವುದು ಮೇಲು. ಇದರಲ್ಲಿ ಇಂಗ್ಲಿಷ್ ಬಾರದ ತಾಯಿಯೂ ಮೇಷ್ಟರಾಗಬಹುದು. ಎಷ್ಟು ಬೈದರೂ ನಾಟದವನಿಗೆ ಇಂಗ್ಲಿಷಿನವರು ಬಾತುಕೋಳಿಯ ಬೆನ್ನಿನಿಂದ ಜಾರುವ ನೀರನ್ನು ಹೋಲಿಸುತ್ತಾರೆಂದು ಮಗ ಓದಿ ಹೇಳಲಿ. ‘ನಾವೂ ಹೇಳ್ತೀವಲ್ಲೋ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ ಅಂತ’ ಎನ್ನುವ ಉತ್ತರ ಒಲೆಯ ಮುಂದಿನಿಂದಲೇ ಬಂದೀತು.