ಅಂಕಿಗಳ ಸಂಖ್ಯೆಯೂ ಲೆಕ್ಕದ ಯಥಾರ್ಥತೆಯೂ

ಕೈಯಲ್ಲಿ ಹಿಡಿಯುವ ಲೆಕ್ಕಯಂತ್ರವು ಅಂಗಡಿಯ ಗಲ್ಲೆಯಿಂದ ಕಚೇರಿಯ ಮೇಜಿನವರೆಗೆ ಎಲ್ಲೆಡೆಯೂ ನೆಲಸಿರುವುದಷ್ಟೆ. ಅದರ ಮೇಲೆ ಹತ್ತು ಅಂಕಿಗಳು ಮೂಡಿದರೆ ಹತ್ತನ್ನೂ ಸತ್ಯವೆಂದು ಬರೆದುಕೊಳ್ಳುವ ರೂಢಿಯು ವಿದ್ಯಾವಂತರಲ್ಲಿಯೂ ಬೇರೂರಿದೆ. ಯಂತ್ರವು ಎಷ್ಟು ಅಂಕಿಗಳನ್ನು ತೋರಿಸುವುದೆಂಬುದು ಒಂದು ವಿಷಯ; ಅವುಗಳಲ್ಲಿ ಎಷ್ಟು ಸರಿಯೆಂಬುದು ಬೇರೆಯೇ ವಿಷಯ.

1972ರಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯವರು ಎಚ್‌ಪಿ-35 ಎಂಬ ಜೇಬುಯಂತ್ರವನ್ನು 395 ಡಾಲರುಗಳ ಬೆಲೆಗೆ ಮಾರಾಟಕ್ಕೆ ತಂದರು. ಲಾಗರಿತಮ್, ತ್ರಿಕೋಣಮಿತಿಗಳನ್ನು ಬಲ್ಲ ಆ ಯಂತ್ರವು ಹತ್ತು ಅಂಕಿಗಳನ್ನು ತೋರಿಸುತ್ತಿದ್ದಿತು. ಆದರೆ ಮೊದಮೊದಲ ಯಂತ್ರಗಳಲ್ಲಿ 2.02ರ ಸ್ವಾಭಾವಿಕ ಲಾಗರಿತಮನ್ನು ತೆಗೆದು, ಒಡನೆಯೇ ಹಿಂದಿರುಗಿಸಿದರೆ 2.02ಕ್ಕೆ ಬದಲಾಗಿ 2 ಬರುತ್ತಿದ್ದಿತು! ಹತ್ತು ಅಂಕಿಗಳ ಯಂತ್ರವು ಮೂರನೆಯ ಅಂಕಿಯಲ್ಲಿಯೇ ಎಡವಿತು. ಸಂಸ್ಥೆಯವರು ಇದನ್ನು ಮುಚ್ಚಿಡದೆ, ಕೊಂಡವರಿಗೆ ತಿಳಿಸಿ, ಯಂತ್ರವನ್ನು ಬದಲಾಯಿಸಿಕೊಡಲು ಮುಂದಾದುದು ಪ್ರಶಂಸನೀಯವೇ ಸರಿ.

ಅದು ಯಂತ್ರದ ದೋಷವಾಯಿತು. ದೋಷವಿಲ್ಲದ ಯಂತ್ರದಲ್ಲಿಯೂ ಅಂಕಿಗಳು ಸವೆಯುವುದುಂಟು. ಬಲ್ಲವರು ಇದಕ್ಕೊಂದು ಪರೀಕ್ಷೆಯನ್ನಿಟ್ಟಿದ್ದಾರೆ. 9 ಡಿಗ್ರಿಯ ಸೈನ್, ಬಂದುದರ ಕೊಸೈನ್, ಅದರ ಟ್ಯಾಂಜೆಂಟ್ (ಮೊದಲೆರಡನ್ನು ನಮ್ಮ ಜ್ಯೋತಿಷಿಗಳು ಜ್ಯಾ, ಕೋಟಿಜ್ಯಾ ಎನ್ನುತ್ತಿದ್ದರು) ತೆಗೆದು, ಬಂದ ದಾರಿಯಲ್ಲಿಯೇ ಹಿಂದಿರುಗಿದರೆ ಪುನಃ 9 ಸಿಕ್ಕಬೇಕು. ಅದೇ ಸಂಸ್ಥೆಯ ಎಚ್‌ಪಿ-41 ಯಂತ್ರದಲ್ಲಿ ಸಿಕ್ಕುವುದು 9.000417403. ಕಾರಣವಿಷ್ಟೆ: ಎರಡನೆಯ ಹೆಜ್ಜೆಯಲ್ಲಿ ಬರುವ ಸಂಖ್ಯೆ 0.9999962727. ಮೊದಲ ಐದು 9ಗಳು ಸ್ಥಳವನ್ನು ಆಕ್ರಮಿಸಿಕೊಂಡಿವೆಯೇ ಹೊರತು ಮೂಲದ ಕೋನವನ್ನು ಕುರಿತು ಹೆಚ್ಚೇನನ್ನೂ ಹೇಳುವುದಿಲ್ಲ. ಅದರ ಗುರುತೆಲ್ಲ ಉಳಿದ ಐದು ಅಂಕಿಗಳಲ್ಲಿ ಅಡಗಿದೆ. ಮುಂದಿನ ಹೆಜ್ಜೆಗಳಲ್ಲಿ ಹತ್ತನೆಯ ಅಂಕಿಯು ತುಸು ಅಲುಗಿದರೂ ಹಿಂದಿರುಗುವಾಗ ಅದು ದೊಡ್ಡ ಅಂತರವಾಗಿ ಬೆಳೆಯುವುದು. ಪ್ರತಿ ಹೆಜ್ಜೆಯನ್ನೂ ಹತ್ತು ಅಂಕಿಗಳಿಗೆ ಸರಿಯಾಗಿ ಮೊಟಕಿಸಿದ ಯಂತ್ರವು ಕೊಡಬೇಕಾದ ಉತ್ತರವೇ ಇದು. ಬೇರೊಂದು ಯಂತ್ರವು 9 ಎಂದೇ ತೋರಿಸಿದರೆ, ಅದು ಒಳಗೆ ಹೆಚ್ಚು ಅಂಕಿಗಳನ್ನು ಇಟ್ಟುಕೊಂಡು ಹೊರಗೆ ಕಡಿಮೆ ತೋರಿಸುತ್ತಿರಬಹುದು. ಆ ವಿವೇಕವು ಒಳ್ಳೆಯದೇ.

ಯಂತ್ರಗಳ ಮಾತು ಹಾಗಿರಲಿ, ಅವಕ್ಕೆ ನಾವು ಉಣಿಸುವ ಅಳತೆಗಳ ಗತಿಯೇನು? ಡೆಸಿಮೀಟರಿನವರೆಗೆ ಮಾತ್ರ ಅಳೆದ ನಿವೇಶನವೊಂದು 41.3 ಮೀಟರು ಉದ್ದ, 27.6 ಮೀಟರು ಅಗಲವಿದೆಯೆನ್ನೋಣ. ಯಂತ್ರವು 1139.88 ಚದರ ಮೀಟರೆನ್ನುವುದು. ಅಳತೆಯಲ್ಲಿ ಅರ್ಧ ಡೆಸಿಮೀಟರು ಅತ್ತಿತ್ತ ಆಗಬಹುದಾದುದರಿಂದ ನಿಜವಾದ ಕ್ಷೇತ್ರಫಲವು 1136ರಿಂದ 1143ರವರೆಗೆ ಎಲ್ಲಿಯಾದರೂ ಇರಬಹುದು. ಅಂತರವು ಸುಮಾರು 74 ಚದರ ಅಡಿ. ಪೇಟೆಯ ನಡುವೆ ಒಂದು ಸಣ್ಣ ಅಂಗಡಿಯ ಜಾಗ. ಹೀಗಿದ್ದರೂ ದಶಾಂಶದ ಮುಂದಣ 88ನ್ನು ಕ್ರಯಪತ್ರದಲ್ಲಿ ಬರೆದು, ಮೊಹರು ಹಾಕಿ, ಅದೇ ಅಂಕಿಗಳನ್ನು ಹಿಡಿದು ನೆರೆಹೊರೆಯವರು ನ್ಯಾಯಾಲಯದ ಮೆಟ್ಟಲೇರುತ್ತಾರೆ. ಅಳತೆಯನ್ನು ಯಾವ ಸಾಧನದಿಂದ, ಎಷ್ಟರಮಟ್ಟಿಗೆ ತೆಗೆದುಕೊಳ್ಳಲಾಯಿತೆಂದು ಪತ್ರದಲ್ಲಿ ಒಂದು ಸಾಲು ಬರೆಯುವುದು ಅಧಿಕಾರಿಗಳಿಗೆ ಅಷ್ಟೇನೂ ಶ್ರಮದ ಕೆಲಸವಲ್ಲ.