ಇಂಗ್ಲಿಷ್ ವ್ಯಾಕರಣಕ್ಕೆ ಕನ್ನಡದ ನೆರವು

ನೌನ್, ಪ್ರೊನೌನ್, ಅಡ್ಜೆಕ್ಟಿವ್, ವರ್ಬ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್‌ಜೆಕ್ಷನ್ ಎಂದು ಇಂಗ್ಲಿಷಿನ ಎಂಟು ಪದಜಾತಿಗಳನ್ನು ನಾವೆಲ್ಲರೂ ಬಾಯಿಪಾಠ ಮಾಡಿದವರೇ. ಆದರೂ ಸ್ವಂತವಾಗಿ ನಾಲ್ಕು ಸಾಲು ಬರೆಯಬೇಕಾದಾಗ ಲೇಖನಿ ತಡವರಿಸುತ್ತದೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಲ್ಲಿ ಎಷ್ಟೋ ಮಂದಿ ಉಳಿದ ವಿಷಯಗಳಲ್ಲಿ ಜಾಣರಾಗಿದ್ದೂ ಇದೊಂದರಲ್ಲಿ ಹಿಂದೆ ಬೀಳುತ್ತಾರೆ. ಇದಕ್ಕೆ ದಡ್ಡತನ ಕಾರಣವಲ್ಲ. ಎರಡು ಭಾಷೆಗಳ ನಡೆಯೇ ಬೇರೆ.

ಕನ್ನಡದಲ್ಲಿ ಪದದ ಕೆಲಸವನ್ನು ತಿಳಿಸುವುದು ವಿಭಕ್ತಿ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಇದನ್ನು ನಿರೂಪಿಸಿದ್ದಾನೆ. 'ಬೇಟೆಗಾರನು ಹುಲಿಯನ್ನು ಕೊಂದನು' ಎಂದರೂ 'ಹುಲಿಯನ್ನು ಬೇಟೆಗಾರನು ಕೊಂದನು' ಎಂದರೂ ಸಾಯುವುದು ಹುಲಿಯೇ. ಆದರೆ 'ದಿ ಹಂಟರ್ ಕಿಲ್ಡ್ ದಿ ಟೈಗರ್' ಎಂಬಲ್ಲಿ ಎರಡು ನಾಮಪದಗಳನ್ನು ಅದಲುಬದಲು ಮಾಡಿದರೆ ಪಾಪ, ಬೇಟೆಗಾರನ ಗತಿ ಮುಗಿಯಿತು! ಅಲ್ಲಿ ಸ್ಥಾನವೇ ವಿಭಕ್ತಿ.

ಪದಜಾತಿಯೂ ಹೀಗೆಯೇ. 'ದಿ ವಾಟರ್ ಈಸ್ ಕೋಲ್ಡ್' ಎಂಬಲ್ಲಿ 'ವಾಟರ್' ನಾಮಪದ; 'ವಾಟರ್ ದಿ ಪ್ಲಾಂಟ್ಸ್' ಎಂಬಲ್ಲಿ ಅದೇ ಪದ ಕ್ರಿಯಾಪದ. ಆದ್ದರಿಂದ 'ಈ ಪದ ಯಾವ ಜಾತಿ?' ಎಂದು ಕೇಳುವ ಬದಲು 'ಈ ವಾಕ್ಯದಲ್ಲಿ ಇದರ ಕೆಲಸವೇನು?' ಎಂದು ಕೇಳಬೇಕು.

ನಮ್ಮ ಪ್ರತ್ಯಯಗಳು ಪದದ ಹಿಂದೆ ಬಂದರೆ, ಅವರ ಪ್ರಿಪೊಸಿಷನ್ ಮುಂದೆ ನಿಲ್ಲುತ್ತದೆ: ಮೈಸೂರಿಗೆ, 'ಟು ಮೈಸೂರ್', ಮೈಸೂರಿನಿಂದ, 'ಫ್ರಮ್ ಮೈಸೂರ್'. ಆದರೆ ಒಂದಕ್ಕೊಂದು ಸರಿಹೊಂದುವುದೆಂದು ನಂಬಬಾರದು. ಮೈಸೂರಿನಲ್ಲಿ, ಬಸ್ಸಿನಲ್ಲಿ, ನಿಲ್ದಾಣದಲ್ಲಿ ಎಂದು ನಾವು ಒಂದೇ 'ಅಲ್ಲಿ' ಬಳಸುವ ಕಡೆ ಅವರು ಕ್ರಮವಾಗಿ 'ಇನ್', 'ಆನ್', 'ಅಟ್' ಎನ್ನುತ್ತಾರೆ. ಇವನ್ನು ಪದದೊಡನೆ ಕೂಡಿಸಿಯೇ ಕಲಿಯಬೇಕು.

ಇನ್ನು ಕ್ರಿಯಾಪದ. 'ಬಂದೆನು' ಎಂದರೆ ಸಾಕು, ಬಂದವನು ನಾನೆಂದು ತಿಳಿಯುತ್ತದೆ. 'ಕೇಮ್' ಎಂದಷ್ಟೇ ಹೇಳಿದರೆ ಬಂದವರು ಯಾರೆಂದು ತಿಳಿಯದು; 'ಐ' ಬೇಕೇ ಬೇಕು. 'ಅವನು ನನ್ನ ತಮ್ಮ' ಎಂಬ ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ. ಇಂಗ್ಲಿಷಿನಲ್ಲಿ 'ಈಸ್' ಬಿಟ್ಟರೆ ವಾಕ್ಯ ಕುಂಟುತ್ತದೆ.

ಮಿತ್ರರು ದಿನಕ್ಕೆ ಐದು ಕನ್ನಡ ವಾಕ್ಯಗಳನ್ನು ಆರಿಸಿಕೊಳ್ಳಲಿ. ಮೊದಲು ಕರ್ತೃ, ಬಳಿಕ ಕ್ರಿಯೆ, ಆಮೇಲೆ ಕರ್ಮ ಎಂದು ಗುರುತಿಸಿ ಅದೇ ಕ್ರಮದಲ್ಲಿ ಇಂಗ್ಲಿಷಿಗೆ ತಿರುಗಿಸಲಿ. ಇಂಗ್ಲಿಷ್ ಬರಬೇಕಾದರೆ ಕನ್ನಡವನ್ನು ಮರೆಯಬೇಕೆನ್ನುವವರುಂಟು. ಆದರೆ ತನ್ನ ನುಡಿಯ ಕಟ್ಟನ್ನು ಬಲ್ಲವನಿಗೆ ಪರನುಡಿಯ ಕಟ್ಟು ಬೇಗ ಕಾಣುತ್ತದೆ.