ಹ್ಯೂಗೊ ಕೊಯಮತ್ತೂರಿಗೆ ಬಂದ ಬಗೆ

1950ರಲ್ಲಿ ಕೊಯಮತ್ತೂರಿನ ಪಕ್ಷಿರಾಜ ಸಂಸ್ಥೆ ‘ಏಳೈ ಪಡುಂ ಪಾಡು’ ಎಂಬ ತಮಿಳು ಚಿತ್ರವನ್ನು ತೆರೆಗೆ ತಂದಿತು. ಸಂಸ್ಥೆಯ ಒಡೆಯರು ಎಸ್.ಎಂ. ಶ್ರೀರಾಮುಲು ನಾಯ್ಡು, ನಿರ್ದೇಶಕರು ಕೆ. ರಾಮ್‌ನಾಥ್, ನಾಯಕ ವಿ. ನಾಗಯ್ಯ. ಕಥೆ ಮಾತ್ರ ಫ್ರಾನ್ಸಿನದು: ವಿಕ್ಟರ್ ಹ್ಯೂಗೊ 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’. ಇದನ್ನು ಕವಿ ಶುದ್ಧಾನಂದ ಭಾರತಿ ಮೊದಲೇ ತಮಿಳಿಗೆ ತಂದಿದ್ದರು, ಚಿತ್ರದ ಹೆಸರೂ ಅವರ ಅನುವಾದದ್ದೇ. ಅದೇ ವರ್ಷ ‘ಬೀದಲ ಪಾಟ್ಲು’ ಎಂದು ತೆಲುಗಿನಲ್ಲೂ ಅದು ಬಂತು. ನಾಯಕನನ್ನು ಬಿಡದೆ ಬೆನ್ನಟ್ಟುವ ಪೊಲೀಸ್ ಅಧಿಕಾರಿ ಜಾವರ್‌ನ ಪಾತ್ರ ಮಾಡಿದವರು ಸೀತಾರಾಮನ್. ಅಂದಿನಿಂದ ಅವರು ಜೀವನಪೂರ್ತಿ ‘ಜಾವರ್ ಸೀತಾರಾಮನ್’. ಫ್ರೆಂಚ್ ಕಾದಂಬರಿಯೊಂದರ ಪೊಲೀಸನ ಹೆಸರು ತಮಿಳು ನಟನೊಬ್ಬನ ಹೆಸರಿನ ಮುಂದೆ ಹೀಗೆ ಅಂಟಿಕೊಂಡದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಹ್ಯೂಗೊ ಕವಿ, ನಾಟಕಕಾರ, ಕಾದಂಬರಿಕಾರ ಮೂರೂ ಆಗಿದ್ದ. ಆ ಮೂರು ಕೈಗಳು ಒಂದೇ ಪಾತ್ರದ ಮೇಲೆ ಕೆಲಸ ಮಾಡಿದ್ದರ ಫಲ ಇದು.

ಹ್ಯೂಗೊನ ಬರಹದ ಹರವು ನಿಜಕ್ಕೂ ದಿಗಿಲು ಹುಟ್ಟಿಸುವಂಥದ್ದು. 1802ರಲ್ಲಿ ಬೆಜಾನ್ಸೋನ್‌ನಲ್ಲಿ ಹುಟ್ಟಿದವನು ಇಪ್ಪತ್ತನೆಯ ವಯಸ್ಸಿಗೇ ಕವನ ಸಂಕಲನ ತಂದ. 1829ರಲ್ಲಿ ಗಲ್ಲುಶಿಕ್ಷೆಗೆ ಗುರಿಯಾದವನ ಕೊನೆಯ ದಿನವನ್ನು ಅವನ ಬಾಯಿಂದಲೇ ಹೇಳಿಸುವ ಕಿರುಕಾದಂಬರಿ ಬರೆದ. ಮರುವರ್ಷ ‘ಎರ್ನಾನಿ’ ನಾಟಕದ ಮೊದಲ ಪ್ರದರ್ಶನದಲ್ಲಿ ಹಳೆಯ ನಾಟಕ ನಿಯಮಗಳ ಪರ ಮತ್ತು ವಿರೋಧದವರು ರಂಗಮಂದಿರದಲ್ಲೇ ಕೂಗಾಡಿಕೊಂಡರು. 1831ರಲ್ಲಿ ‘ನೋತ್ರ್ ದಾಮ್ ದ ಪಾರಿ’, ಅಂದರೆ ಗೂನುಬೆನ್ನಿನ ಗಂಟೆ ಬಾರಿಸುವವನ ಕಥೆ, ಬಂತು. 1843ರಲ್ಲಿ ಮಗಳು ಲಿಯೊಪೋಲ್ದೀನ್ ಸೇನ್ ನದಿಯಲ್ಲಿ ಮುಳುಗಿ ಸತ್ತಳು. ಆ ದುಃಖ ಪೂರ್ತಿ ಕವಿತೆಯಾಗಿ ಹೊರಬರಲು 1856ರವರೆಗೆ ಕಾಯಬೇಕಾಯಿತು. 1851ರ ಕೊನೆಗೆ ಲೂಯಿ ನೆಪೋಲಿಯನ್ ಅಧಿಕಾರ ಕಸಿದುಕೊಂಡಾಗ ಅವನನ್ನು ಎದುರಿಸಿ ದೇಶ ಬಿಟ್ಟ ಹ್ಯೂಗೊ 1870ರವರೆಗೂ ಹಿಂದಿರುಗಲಿಲ್ಲ. ‘ಲೆ ಮಿಸರಾಬ್ಲ್’ ಮುಗಿದದ್ದು ಆ ಗಡೀಪಾರಿನಲ್ಲಿ. ಇದರ ನಡುವೆ ಶಾಯಿಯಲ್ಲಿ ಸಾವಿರಾರು ಚಿತ್ರಗಳನ್ನೂ ಬರೆದ. ಇಷ್ಟು ಬರೆದವನ ಎಲ್ಲವೂ ಚೆನ್ನಾಗಿರಲು ಸಾಧ್ಯವಿಲ್ಲ, ಇಲ್ಲ ಕೂಡ. ಅವನ ಕೆಲವು ಪುಟಗಳು ಭಾಷಣ ಮುಗಿಸಲಾರದ ಸಭಾಧ್ಯಕ್ಷರಂತೆ ಓದುಗನನ್ನು ಕೂರಿಸಿಕೊಂಡುಬಿಡುತ್ತವೆ.

ಸಿನಿಮಾ ಮಾಡುವವರಿಗೆ ಈ ಉದ್ದವೇ ಮೊದಲ ತೊಡಕು. ಕಾದಂಬರಿಯಲ್ಲಿ ವಾಟರ್ಲೂ ಯುದ್ಧದ ವರ್ಣನೆಯಿದೆ, ಸನ್ಯಾಸಿನಿಯರ ಮಠದ ಚರಿತ್ರೆಯಿದೆ, ಪ್ಯಾರಿಸ್ಸಿನ ಚರಂಡಿಗಳ ಇತಿಹಾಸವೇ ಇದೆ. ಅವನ್ನೆಲ್ಲ ಕತ್ತರಿಸಿದರೂ ಕಥೆ ನಿಲ್ಲುತ್ತದೆ. ಯಾಕೆ ನಿಲ್ಲುತ್ತದೆಂದು ತಿಳಿಯಲು ಒಂದೇ ಪ್ರಸಂಗ ನೋಡಿದರೆ ಸಾಕು. ರೊಟ್ಟಿ ಕದ್ದದ್ದಕ್ಕೆ ಐದು ವರ್ಷ, ತಪ್ಪಿಸಿಕೊಳ್ಳಲು ಯತ್ನಿಸಿದ್ದಕ್ಕೆ ಹದಿನಾಲ್ಕು ವರ್ಷ ಸೆರೆವಾಸ ಮುಗಿಸಿ ಬಂದ ಜಾನ್ ವಾಲ್ಜಾನ್‌ಗೆ ಊರಲ್ಲಿ ಯಾರೂ ಊಟ ಕೊಡುವುದಿಲ್ಲ. ಬಿಷಪ್ ಒಬ್ಬರು ಕೊಡುತ್ತಾರೆ. ಅವನು ರಾತ್ರಿ ಅವರದೇ ಬೆಳ್ಳಿ ಸಾಮಾನು ಕದ್ದು ಓಡುತ್ತಾನೆ. ಬೆಳಿಗ್ಗೆ ಪೊಲೀಸರು ಹಿಡಿದು ತಂದಾಗ ಬಿಷಪ್, ಅದೆಲ್ಲ ತಾನೇ ಕೊಟ್ಟದ್ದು ಎನ್ನುತ್ತಾರೆ. ಎರಡು ಮೇಣದಬತ್ತಿ ಕಂಬಗಳನ್ನು ಬಿಟ್ಟುಹೋದೆಯಲ್ಲ ಎಂದು ಅವನ್ನೂ ಕೈಗಿಡುತ್ತಾರೆ. ಒಂದು ಬಾಗಿಲು, ಮೂವರು ಪೊಲೀಸರು, ಒಂದು ಸುಳ್ಳು: ಇದು ನೇರವಾಗಿ ರಂಗಕ್ಕೆ ಇಳಿಯಬಲ್ಲ ಅಂಕ. ನಾರ್ಮನ್ ಮೆಕಿನೆಲ್ ಇದನ್ನೇ ಏಕಾಂಕ ಮಾಡಿದ, ನಮ್ಮ ದೇಶದ ಎಷ್ಟೋ ಶಾಲೆಗಳ ಇಂಗ್ಲಿಷ್ ಪಠ್ಯದಲ್ಲಿ ಅದು ಸೇರಿತ್ತು. ಆದರೆ ಮೇಣದಬತ್ತಿ ಕಂಬಗಳು ಅಲ್ಲಿಗೆ ಮುಗಿಯುವುದಿಲ್ಲ. ವಾಲ್ಜಾನ್ ಸಾಯುವ ರಾತ್ರಿ ಅವು ಅವನ ಬಳಿ ಉರಿಯುತ್ತಿರುತ್ತವೆ. ಇದು ಕವಿಯ ಕೆಲಸ. ನಾಟಕಕಾರ ದೃಶ್ಯ ಕೊಟ್ಟ, ಕವಿ ಅದಕ್ಕೆ ಪ್ರತಿಮೆ ಕೊಟ್ಟ, ಈ ಎರಡರ ನಡುವಿನ ವರ್ಷಗಳನ್ನು ತುಂಬಿದವನು ಕಾದಂಬರಿಕಾರ. ಜಾವರ್‌ನೂ ಹಾಗೆಯೇ. ಕಾನೂನೇ ಮೈವೆತ್ತಂತಿರುವ ಆತ, ತನ್ನ ಪ್ರಾಣ ಉಳಿಸಿದ ಕೈದಿಯನ್ನು ಬಿಟ್ಟುಬಿಟ್ಟು, ಬಿಟ್ಟದ್ದನ್ನು ತಾನೇ ಸಹಿಸಲಾರದೆ ನದಿಗೆ ಹಾರುತ್ತಾನೆ.

ಚಿತ್ರ ಗೆದ್ದದ್ದು ನಾಗಯ್ಯನವರ ಅಭಿನಯದಿಂದ, ಲಲಿತಾ-ಪದ್ಮಿನಿಯರಿಂದ, ಹ್ಯೂಗೊನಿಂದಲ್ಲ ಎಂದು ಯಾರಾದರೂ ಹೇಳಬಹುದು. ಅದರಲ್ಲಿ ಅರ್ಧ ಸತ್ಯವಿದೆ. ಆದರೆ ತಾರೆಯರಷ್ಟೇ ಕಾರಣವಾಗಿದ್ದರೆ ಜನ ನೆನಪಿಟ್ಟುಕೊಳ್ಳಬೇಕಾದದ್ದು ತಾರೆಯರನ್ನು. ಅವರು ಬೆನ್ನಟ್ಟುವ ಪೊಲೀಸನನ್ನು ಹೆಸರು ಸಮೇತ ಉಳಿಸಿಕೊಂಡರು. ನಾಲ್ಕು ವರ್ಷದ ಮೇಲೆ ಸೀತಾರಾಮನ್ ‘ಅಂದ ನಾಳ್’ ಚಿತ್ರಕ್ಕೆ ಬರೆದು, ಅದರಲ್ಲಿ ಮತ್ತೆ ಪತ್ತೇದಾರ ಅಧಿಕಾರಿಯಾಗಿಯೇ ನಟಿಸಿದರು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಫ್ರೆಂಚರಿಗೆ ಹ್ಯೂಗೊ ಮೊದಲಿಗೆ ಕವಿ, ಕವಿತೆ ದಾಟಿ ಬರದಿದ್ದ ಮೇಲೆ ಇಲ್ಲಿಗೆ ಬಂದದ್ದು ಅವನ ನೆರಳಷ್ಟೇ. ಫ್ರೆಂಚರ ಅತಿ ದೊಡ್ಡ ಕವಿ ಯಾರೆಂದು ಕೇಳಿದಾಗ ಲೇಖಕ ಆಂದ್ರೆ ಜೀದ್, ಅಯ್ಯೋ ಹ್ಯೂಗೊ ಎಂದು ನಿಟ್ಟುಸಿರುಬಿಟ್ಟೇ ಒಪ್ಪಿಕೊಂಡದ್ದು ಪ್ರಸಿದ್ಧ. ಪದ್ಯದ ಲಯ ದಾಟಿ ಬರಲಿಲ್ಲ, ಒಪ್ಪೋಣ. ಆದರೆ ಕತ್ತಲೆಗೆ ಬೆಳಕನ್ನು, ಕಾನೂನಿಗೆ ಕರುಣೆಯನ್ನು ಎದುರಾಗಿ ನಿಲ್ಲಿಸಿ ನೋಡುವ ಕವಿಯ ದೃಷ್ಟಿ ಗದ್ಯದೊಳಗೆ ಕೂತು ಬಂದಿತು. ಬರೀ ಕವಿಯಾಗಿದ್ದರೆ ಹ್ಯೂಗೊ ಕೊಯಮತ್ತೂರು ತಲುಪುತ್ತಿರಲಿಲ್ಲ. ಬರೀ ಕಾದಂಬರಿಕಾರನಾಗಿದ್ದರೆ ವಾಟರ್ಲೂ ಪುಟಗಳ ಭಾರಕ್ಕೆ ದಾರಿಯಲ್ಲೇ ಕುಸಿಯುತ್ತಿದ್ದ.

ಬಂದ ಊರೂ ಅವನಿಗೆ ಪರಕೀಯವಾಗಿರಲಿಲ್ಲ. ಪೈಕಾರಾ ಜಲವಿದ್ಯುತ್ 1930ರ ದಶಕದಲ್ಲಿ ಬಂದ ಮೇಲೆ ಕೊಯಮತ್ತೂರು ಹತ್ತಿ ಗಿರಣಿಗಳ ಪಟ್ಟಣವಾಗಿ ಬೆಳೆದಿತ್ತು, ಅದೇ ದಶಕದಲ್ಲಿ ಸಿನಿಮಾ ಸ್ಟುಡಿಯೊಗಳೂ ಎದ್ದವು. ಕಾರ್ಖಾನೆಯ ಕೆಲಸ ಕಳೆದುಕೊಂಡ ಹೆಂಗಸಿನ ಪಾಡನ್ನು, ಅಂದರೆ ಕಾದಂಬರಿಯ ಫಾಂತೀನ್‌ಳ ಕಥೆಯನ್ನು, ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಊರಿನ ಕೇಂದ್ರ ಕಾರಾಗೃಹದಲ್ಲಿ ಸ್ವಾತಂತ್ರ್ಯ ಹೋರಾಟಗಾರ ವಿ.ಒ. ಚಿದಂಬರಂ ಪಿಳ್ಳೆಯವರನ್ನು ಎತ್ತಿನ ಜಾಗದಲ್ಲಿ ಎಣ್ಣೆಗಾಣಕ್ಕೆ ಕಟ್ಟಿ ಎಳೆಸಿದ್ದರು. ಆ ಗಾಣವನ್ನು ಈಗಲೂ ಕಾಪಾಡಿ ಇಟ್ಟಿದ್ದಾರೆ. 1946ರ ಜನವರಿ 8ರಂದು ಚಿನ್ನಿಯಂಪಾಳ್ಯದ ನಾಲ್ವರು ಗಿರಣಿ ಕಾರ್ಮಿಕರನ್ನು ಗಲ್ಲಿಗೇರಿಸಿದ್ದೂ ಅದೇ ಜೈಲಿನಲ್ಲಿ. ಇದನ್ನೆಲ್ಲ ಮನಸ್ಸಿನಲ್ಲಿಟ್ಟೇ ಚಿತ್ರ ತೆಗೆದರೆಂದು ನಾನು ವಾದಿಸುವುದಿಲ್ಲ. ಸಿನಿಮಾದವರು ಗೆಲ್ಲುವ ಕಥೆ ಹುಡುಕುತ್ತಾರೆ, ಅಷ್ಟೆ. ಆದರೆ ಸೆರೆಮನೆ ಒಬ್ಬ ಮನುಷ್ಯನನ್ನು ಏನು ಮಾಡುತ್ತದೆಂಬ ಪ್ರಶ್ನೆ ಇಲ್ಲಿಯ ನೋಡುಗರಿಗೆ ಹೊಸದಾಗಿರಲಿಲ್ಲ.

ಹ್ಯೂಗೊನನ್ನು ಹೊಸದಾಗಿ ಓದಬಯಸುವವರು ದಪ್ಪ ಪುಸ್ತಕಕ್ಕೆ ಮೊದಲೇ ಕೈಹಾಕುವುದು ಬೇಡ. 1829ರ ಆ ಕಿರುಕಾದಂಬರಿಯಿಂದ ಶುರುಮಾಡಿ, ಆಮೇಲೆ ಬಿಷಪ್ಪನ ಮನೆಗೆ ಬನ್ನಿ. ವಾಟರ್ಲೂ ಬಂದಾಗ ಸಂಕೋಚವಿಲ್ಲದೆ ಪುಟ ಮಗುಚಿ.